ಹಳೆಯ ಅಂಬಾಸಿಡರಿನ ಡಿಸ್ಕ್ ಬ್ರೇಕಿಗೆ ಯಾವ ಮಾಸ್ಟರ್ ಸಿಲಿಂಡರ್?

ತಂದೆಯವರಿಂದ ನನಗೆ ಬಂದ 1982ರ ಅಂಬಾಸಿಡರ್ ಕಾರಿನ ನಾಲ್ಕೂ ಚಕ್ರಗಳಿಗೆ ಡ್ರಮ್ ಬ್ರೇಕ್ ಇತ್ತು. ಕಲಬುರಗಿಯಿಂದ ಜೇವರ್ಗಿಗೆ ಹೋಗುವಾಗ ತೊಗರಿ ಲಾರಿಗಳ ಹಿಂದೆ ಪದೇ ಪದೇ ಬ್ರೇಕ್ ಒತ್ತಬೇಕಾಗಿ ಬಂದು, ಅದು ಎಲ್ಲಿ ಕೈಕೊಡುವುದೋ ಎಂಬ ಅಂಜಿಕೆ ಹುಟ್ಟಿದ ಮೇಲೆ ಮುಂದಿನ ಎರಡು ಚಕ್ರಗಳಿಗೆ ಡಿಸ್ಕ್ ಹಾಕಿಸಿದೆ. ಡಿಸ್ಕ್ ಕೂಡಿಸುವ ಕೆಲಸ ಎರಡು ದಿನಗಳಲ್ಲಿ ಮುಗಿಯಿತು. ಅದಕ್ಕೆ ಒಪ್ಪುವ ಮಾಸ್ಟರ್ ಸಿಲಿಂಡರ್, ಅಂದರೆ ಪೆಡಲ್ ತುಳಿದಾಗ ಬ್ರೇಕ್ ಆಯಿಲನ್ನು ಚಕ್ರಗಳತ್ತ ಒತ್ತುವ ಸಿಲಿಂಡರ್, ಸಿಗಲು ಮೂರು ತಿಂಗಳು ಹಿಡಿಯಿತು. ಕಾಲಿನ ಬಲವನ್ನು ಹೆಚ್ಚಿಸಿಕೊಡುವ ಬೂಸ್ಟರ್ ಇಲ್ಲದ ಇದೇ ಕಾರಿಗೆ ಮೂರು ಬಗೆಯ ಸಿಲಿಂಡರ್ ಹಾಕಿ ಓಡಿಸಿ ನೋಡಿದ್ದೇನೆ.

ಮೊದಲು ಹಳೆಯದನ್ನೇ ಉಳಿಸಿಕೊಂಡಿದ್ದೆ. ಹುಮನಾಬಾದ್ ರಸ್ತೆಯಲ್ಲಿ ಹತ್ತು ಕಿಲೋಮೀಟರ್ ಹೋಗುವಷ್ಟರಲ್ಲಿ ಸುಟ್ಟ ವಾಸನೆ ಬಂತು. ಜಾಕ್ ಹಚ್ಚಿ ಎತ್ತಿ, ಕೈಯಿಂದ ತಿರುಗಿಸಿದರೆ ಮುಂದಿನ ಚಕ್ರ ಕಾಲು ಸುತ್ತೂ ತಿರುಗಲಿಲ್ಲ. ಪ್ಯಾಡುಗಳನ್ನು ಡಿಸ್ಕಿಗೆ ಒತ್ತುವ ಕ್ಯಾಲಿಪರಿನಲ್ಲಿ ಗಾಳಿ ತೆಗೆಯಲೆಂದು ಇರುವ ಏರ್ ನಿಪ್ಪಲ್ ಸಡಿಲಿಸಿದೊಡನೆ ನಾಲ್ಕು ಹನಿ ಆಯಿಲ್ ಚಿಮ್ಮಿತು, ಚಕ್ರ ಸಲೀಸಾಗಿ ತಿರುಗಿತು. ಡ್ರಮ್ಮಿಗೆಂದು ಮಾಡಿದ ಇಂಥ ಸಿಲಿಂಡರಿನಲ್ಲಿ, ಪೈಪಿನೊಳಗೆ ಸುಮಾರು 10 ಪಿಎಸ್‌ಐ ಒತ್ತಡವನ್ನು ಸದಾ ಹಿಡಿದಿಡುವ ಒಂದು ವಾಲ್ವ್ ಇರುತ್ತದೆ. ಡ್ರಮ್ಮಿಗೆ ಒಳಗಿನಿಂದ ಒತ್ತುವ ಶೂಗಳನ್ನು ಸ್ಪ್ರಿಂಗ್ ಹಿಂದಕ್ಕೆ ಎಳೆಯುವುದರಿಂದ ಅಲ್ಲಿ ತೊಂದರೆಯಿಲ್ಲ. ಡಿಸ್ಕಿನಲ್ಲಿ ಅಂಥ ಸ್ಪ್ರಿಂಗ್ ಇಲ್ಲದ ಕಾರಣ ಪ್ಯಾಡ್ ಉಜ್ಜುತ್ತಲೇ ಇರುತ್ತದೆ. ಮೇಲಾಗಿ ಆ ಸಿಲಿಂಡರಿನದು ಒಂದೇ ಸರ್ಕ್ಯೂಟ್. ಎಲ್ಲಿ ಪೈಪ್ ಒಡೆದರೂ ನಾಲ್ಕೂ ಬ್ರೇಕ್ ಒಟ್ಟಿಗೆ ಹೋಗುತ್ತವೆ. ಅದನ್ನು ಅಂದೇ ಬಿಚ್ಚಿಸಿದೆ.

ಎರಡನೆಯದು ಒಂದು ಇಂಚಿನ, ಅಂದರೆ 25.4 ಮಿ.ಮೀ. ಬೋರಿನ (ಒಳವ್ಯಾಸದ) ಟ್ಯಾಂಡೆಮ್, ಅಂದರೆ ಎರಡು ಬೇರೆ ಬೇರೆ ಸರ್ಕ್ಯೂಟ್ ಇರುವ ಸಿಲಿಂಡರ್. ದೊಡ್ಡದು ಹಾಕಿದರೆ ಬ್ರೇಕ್ ಜೋರಾಗುತ್ತದೆ ಎಂಬ ಮಾತನ್ನು ನಂಬಿ ತಂದೆ. ಪೆಡಲ್ ಎರಡು ಬೆರಳಿನಷ್ಟೂ ಇಳಿಯುವುದಿಲ್ಲ, ಶಹಾಬಾದ್ ಕಲ್ಲಿನ ಮೇಲೆ ಕಾಲಿಟ್ಟಂತೆ ಗಟ್ಟಿ. ಆ ಗಟ್ಟಿತನವೇ ಒಳ್ಳೆಯ ಬ್ರೇಕ್ ಎಂದು ಎರಡು ದಿನ ಅಂದುಕೊಂಡಿದ್ದೆ. ಮೂರನೆಯ ದಿನ ಎಮ್ಮೆಯೊಂದು ಅಡ್ಡ ಬಂದಾಗ ಸೀಟಿನಿಂದ ಎದ್ದು ನಿಂತಂತೆ ತುಳಿದರೂ ಕಾರು ತಡವಾಗಿಯೇ ನಿಂತಿತು. ಕಾಲಿನ ಬಲ ಅಷ್ಟೇ ಇದ್ದು ಪಿಸ್ಟನ್ ಅಗಲವಾದರೆ ಆಯಿಲಿನ ಒತ್ತಡ ಇಳಿಯುತ್ತದೆ. ಒಂದು ಇಂಚಿನ ಪಿಸ್ಟನ್ನಿನ ಕ್ಷೇತ್ರಫಲ ಸುಮಾರು 507 ಚದರ ಮಿ.ಮೀ., ಮುಕ್ಕಾಲು ಇಂಚಿನದು 285. ಅದೇ ಕಾಲು, ಅದೇ ಪೆಡಲಿಗೆ ಚಿಕ್ಕ ಸಿಲಿಂಡರ್ 1.78 ಪಟ್ಟು ಒತ್ತಡ ಕೊಡುತ್ತದೆ.

ಹೀಗಾಗಿ ಮೂರನೆಯದಾಗಿ ಮುಕ್ಕಾಲು ಇಂಚಿನ, 19.05 ಮಿ.ಮೀ. ಟ್ಯಾಂಡೆಮ್ ಹಾಕಿಸಿದೆ. ಈಗ ಓಡುತ್ತಿರುವುದು ಇದೇ. ಸಾಧಾರಣ ಬಲಕ್ಕೇ ಕಾರು ನಿಲ್ಲುತ್ತದೆ. ನನ್ನ ಮಗಳೂ ನಿರಾಯಾಸವಾಗಿ ಓಡಿಸುತ್ತಾಳೆ. ಒತ್ತಡ ಹೆಚ್ಚಿದಷ್ಟೇ ಪಟ್ಟು ಪೆಡಲಿನ ಇಳಿತವೂ ಹೆಚ್ಚುತ್ತದೆ ಎಂಬುದೇ ಇದರ ಕೊರತೆ. ಪೈಪಿನೊಳಗಿನ ಏರ್ ಪೂರ್ತಿ ತೆಗೆಯದಿದ್ದರೆ ಅಥವಾ ಹಿಂದಿನ ಡ್ರಮ್ಮಿನ ಶೂ ಸರಿಯಾಗಿ ಅಡ್ಜಸ್ಟ್ ಆಗದಿದ್ದರೆ ಪೆಡಲ್ ನೆಲಕ್ಕೆ ಹತ್ತಿರವಾಗುತ್ತದೆ. ಕ್ಯಾಲಿಪರಿನ ಪಿಸ್ಟನ್ ತೀರಾ ದೊಡ್ಡದಿದ್ದವರಿಗೆ ಈ ಅಳತೆ ಸಾಲದು. ಬೂಸ್ಟರ್ ಇದ್ದವರು 22.2 ಮಿ.ಮೀ. ಬೋರ್ ನೋಡುವುದು ಲೇಸು.

ಯಾವುದನ್ನೇ ಕೊಂಡರೂ ಡಿಸ್ಕಿನ ಕಡೆಯ ಔಟ್‌ಲೆಟ್ಟಿನಲ್ಲಿ ಆ 10 ಪಿಎಸ್‌ಐ ವಾಲ್ವ್ ಇಲ್ಲವೆಂದು ಮಿಸ್ತ್ರಿಯ ಎದುರೇ ಬಿಚ್ಚಿ ನೋಡಿರಿ. ಪೆಡಲಿನಿಂದ ಬಂದು ಸಿಲಿಂಡರಿನ ಪಿಸ್ಟನ್ ಒತ್ತುವ ಪುಶ್‌ರಾಡ್ ಮತ್ತು ಆ ಪಿಸ್ಟನ್ ನಡುವೆ ಸುಮಾರು ಒಂದು ಮಿ.ಮೀ. ಸಂದು ಇರಲೇಬೇಕು, ಅದಿಲ್ಲದಿದ್ದರೆ ಪಿಸ್ಟನ್ ಪೂರ್ತಿ ಹಿಂದಕ್ಕೆ ಬಾರದೆ, ಆಯಿಲ್ ಡಬ್ಬಿಗೆ ಮರಳುವ ಸಣ್ಣ ರಂಧ್ರ ಮುಚ್ಚಿಕೊಂಡು, ಹೊಸ ಸಿಲಿಂಡರಿನಲ್ಲೂ ಚಕ್ರ ಹಿಡಿಯುತ್ತದೆ.