ಬೆಳಗಾವಿ ಟಿಳಕವಾಡಿಯ ಶನಿವಾರದ ವೈನ್ ಸಂಜೆ: ಆರು ವಾರ ಹೋಗಿ ಬಂದ ಮೇಲೆ

ನಮ್ಮ ಕಡೆ ವೈನ್ ಶಾಪ್ ಅಂದರೆ ಹೇಗಿರುತ್ತೆ ಎಲ್ಲರಿಗೂ ಗೊತ್ತು. ಬೋರ್ಡಿನ ಮೇಲೆ ವೈನ್ ಅಂತ ಇರುತ್ತೆ, ಒಳಗೆ ವಿಸ್ಕಿ ಬ್ರಾಂದಿ, ಕೌಂಟರಿಗೆ ಕಬ್ಬಿಣದ ಜಾಲರಿ, ಮುಂದೆ ಗಂಡಸರ ಸಾಲು. ಹೆಣ್ಣುಮಕ್ಕಳು ಆ ಕಡೆ ಮುಖ ಹಾಕಲ್ಲ. ಹಾಗಾಗಿ ಎರಡನೇ ರೈಲ್ವೆ ಗೇಟಿನ ಹತ್ತಿರ ವೈನ್ ಮತ್ತು ಚೀಸ್ ಮಾತ್ರ ಮಾರುವ ಸಣ್ಣ ಅಂಗಡಿ ಇದೆ, ಶನಿವಾರ ಸಂಜೆ ಕೂತು ರುಚಿ ನೋಡಬಹುದು ಅಂತ ಪಕ್ಕದ ಮನೆಯ ಅಕ್ಕ ಹೇಳಿದಾಗ ನಾನು ನಂಬಿರಲಿಲ್ಲ. ಸುಮ್ನೆ ನೋಡಿ ಬರೋಣ ಅಂತ ನಮ್ಮ ಮನೆಯವರ ಜೊತೆ ಹೋದೆ. ಮೊದಲ ದಿನವೇ ಹನ್ನೆರಡು ಕುರ್ಚಿಯಲ್ಲಿ ಐದರಲ್ಲಿ ಹೆಣ್ಣುಮಕ್ಕಳಿದ್ದರು. ಈಗ ಆರು ಶನಿವಾರ ಆಯಿತು.

ನಡೆಯೋದು ಹೀಗೆ. ಸಂಜೆ ಏಳಕ್ಕೆ ಶುರು, ಒಂದೂವರೆ ಗಂಟೆ. ಒಬ್ಬರಿಗೆ 400 ರೂಪಾಯಿ. ನಾಲ್ಕು ವೈನ್, ಒಂದೊಂದು 30 ಎಂಎಲ್, ಪ್ರತಿಯೊಂದಕ್ಕೂ ಒಂದು ತುಂಡು ಚೀಸ್. ಬಾಟಲಿ ಕೊಂಡರೆ ಬಿಲ್ಲಿನಲ್ಲಿ 200 ಕಳೀತಾರೆ. 21 ತುಂಬದವರನ್ನು ಒಳಗೆ ಬಿಡಲ್ಲ, ಅನುಮಾನ ಬಂದರೆ ಆಧಾರ್ ಕೇಳ್ತಾರೆ. ಕೊಳ್ಳಲೇಬೇಕು ಅನ್ನೋ ಒತ್ತಾಯ ಇಲ್ಲ. ನನಗೆ ಈ ಅಂಗಡಿ ಹಿಡಿಸಿದ್ದೇ ಅಲ್ಲಿ. ಎರಡನೇ ವಾರ ನಾನು ಕ್ಯಾಬರ್ನೆ ಸೊವಿನ್ಯೋ ಅನ್ನೋ ಕೆಂಪು ವೈನಿನ ಒಂದು ದುಬಾರಿ ಬಾಟಲಿ ಎತ್ತಿಕೊಂಡೆ. ಅಂಗಡಿಯವರು ಅದನ್ನು ನನ್ನ ಕೈಯಿಂದ ವಾಪಸ್ ಇಸ್ಕೊಂಡು, "ಅಕ್ಕಾರ, ನೀವು ಒಗರು ಅಂತ ಅರ್ಧ ಗ್ಲಾಸು ಬಿಟ್ರಿ. ಇದು ಅದಕ್ಕಿಂತ ಒಗರು. ಈಗ ಬ್ಯಾಡ್ರಿ" ಅಂದರು. ಅದರ ಅರ್ಧ ಬೆಲೆಯ ಶೆನಿನ್ ಬ್ಲಾಂ ಅನ್ನೋ ಬಿಳಿ ವೈನ್ ಕೊಟ್ಟು ಕಳಿಸಿದರು. ಯಾರು ಗ್ಲಾಸಿನಲ್ಲಿ ಎಷ್ಟು ಬಿಟ್ಟರು ಅಂತ ನೋಡಿ ನೆನಪಿಟ್ಟುಕೊಳ್ಳುವ ವ್ಯಾಪಾರಿ ಎಷ್ಟು ಜನ ಸಿಗ್ತಾರೆ, ಹೇಳಿ.

ಅವರು ಪಾಠ ಮಾಡಲ್ಲ. ಗ್ಲಾಸಿಗೆ ಹಾಕಿ, ಸ್ವಲ್ಪ ಅಲ್ಲಾಡಿಸಿ, ಮೂಗಿನ ಹತ್ತಿರ ಹಿಡೀರಿ ಅಂತಾರೆ. ಏನು ವಾಸನೆ ಬಂತು ಅಂತ ನಮ್ಮನ್ನೇ ಕೇಳ್ತಾರೆ. ಮೊದಲ ದಿನ ಸೊವಿನ್ಯೋ ಬ್ಲಾಂ ಅನ್ನೋ ಬಿಳಿ ವೈನ್ ಇತ್ತು. ನನಗೆ ಏನೂ ಗೊತ್ತಾಗಲಿಲ್ಲ, ದ್ರಾಕ್ಷಿಯ ವಾಸನೆಯಂತೂ ಬರಲೇ ಇಲ್ಲ. ಎದುರಿಗೆ ಕೂತಿದ್ದ ವಯಸ್ಸಾದ ಅಜ್ಜಿಯೊಬ್ಬರು ಕಣ್ಣು ಮುಚ್ಚಿ ಎರಡು ಸಲ ಮೂಸಿ, "ಪೇರಲಕಾಯಿ" ಅಂದರು. ಅಷ್ಟೇ, ಇಡೀ ಮೇಜಿಗೆ ಪೇರಲ ವಾಸನೆ ಬಂತು! ಮತ್ತೆ ಮೂಸಿದರೆ ಹಿಂದೆ ಹಸಿ ದೊಣ್ಣೆ ಮೆಣಸಿನಕಾಯಿ ಕೊಯ್ದಾಗ ಬರುತ್ತಲ್ವಾ, ಆ ಘಾಟು. ಎರಡೂ ಆ ವೈನಿನ ದ್ರಾಕ್ಷಿ ತಳಿಯ ಗುಣವೇ ಅಂತೆ. ವಾಸನೆಗೆ ಹೆಸರು ಸಿಕ್ಕ ಮೇಲೆ ನಾಲಿಗೆಗೂ ಅದು ಸಿಗುತ್ತೆ ಅಂತ ನನಗೆ ಅವತ್ತೇ ಗೊತ್ತಾಗಿದ್ದು.

ನಾನು ವಿಜಯಪುರ ಜಿಲ್ಲೆಯ ತಿಕೋಟಾ ಕಡೆಯವಳು. ಮನೆಯಲ್ಲಿ ಥಾಮ್ಸನ್ ಸೀಡ್‌ಲೆಸ್ ದ್ರಾಕ್ಷಿ. ಅಕ್ಟೋಬರ್ ಚಾಟ್ನಿ, ಅಂದರೆ ಬಳ್ಳಿ ಸವರೋದು, ಫೆಬ್ರವರಿ ಮಾರ್ಚ್‌ನಲ್ಲಿ ಕೊಯ್ಲು, ಶೆಡ್ಡಿನಲ್ಲಿ ಒಣಗಿಸಿ ಮಣೂಕ (ಒಣದ್ರಾಕ್ಷಿ) ಮಾಡಿ ತಾಸಗಾಂವ ಮಾರುಕಟ್ಟೆಗೆ ಕಳಿಸೋದು. ಬಳ್ಳಿ ಕೆಳಗೇ ಬೆಳೆದವಳು ನಾನು, ಆದರೆ ವೈನ್ ಹೇಗಿರುತ್ತೆ ಅಂತ ನನಗೂ ಗೊತ್ತಿರಲಿಲ್ಲ, ಅಪ್ಪನಿಗೂ ಗೊತ್ತಿರಲಿಲ್ಲ. 2007ರಲ್ಲಿ ರಾಜ್ಯದ ವೈನ್ ನೀತಿ ಬಂದಾಗ ನಮ್ಮ ಭಾಗವನ್ನೂ ಕೃಷ್ಣಾ ಕಣಿವೆ ಅಂತ ಸೇರಿಸಿದ್ದರು. ಆಗ ನಮ್ಮ ಮನೆಯಲ್ಲೂ ಒಂದಿಷ್ಟು ಮಾತಾಗಿತ್ತು, ಅಷ್ಟಕ್ಕೇ ನಿಂತಿತು. ಹಾಗಾಗಿ ನಾಲ್ಕನೇ ವಾರ ಅಪ್ಪ ಊರಿಂದ ಬಂದಿದ್ದಾಗ ಕರೆದುಕೊಂಡು ಹೋದೆ. ಬರಲು ಒಪ್ಪಿಸೋಕೆ ಎರಡು ದಿನ ಬೇಕಾಯಿತು.

ಅವತ್ತು ಕೆಂಪು ವೈನ್‌ಗಳ ಸರದಿ. ಅಕಲೂಜಿನ ಫ್ರಾಟೆಲ್ಲಿ ಕಂಪನಿಯ ಸಾಂಜೊವೇಸೆ, ನಂದಿ ಬೆಟ್ಟದ ಗ್ರೋವರ್‌ನ ಲಾ ರಿಸರ್ವ್, ಇನ್ನೆರಡು ಶಿರಾಜ್. ಅಕಲೂಜ್ ನಮ್ಮ ಪಕ್ಕದ ಸೋಲಾಪುರ ಜಿಲ್ಲೆಯ ಊರು ಅಂತ ಕೇಳಿದ ಕೂಡಲೇ ಅಪ್ಪ ನೆಟ್ಟಗೆ ಕೂತರು. ಗ್ಲಾಸನ್ನು ಲೈಟಿಗೆ ಹಿಡಿದು ನೋಡಿ, ಕುಡಿಯುವ ಮೊದಲೇ ಕೇಳಿದರು: "ಬ್ರಿಕ್ಸ್ ಎಷ್ಟಾದ ಮ್ಯಾಲೆ ಕೊಯ್ತಾರ್ರೀ?" ಬ್ರಿಕ್ಸ್ ಅಂದರೆ ಹಣ್ಣಿನ ರಸದಲ್ಲಿ ಸಕ್ಕರೆ ಎಷ್ಟಿದೆ ಅನ್ನೋ ಅಳತೆ.

ಅಂಗಡಿಯವರ ಮುಖ ಅರಳಿತು. ಆ ಪ್ರಶ್ನೆಯನ್ನು ಅಲ್ಲಿ ಯಾರೂ ಕೇಳಿರಲಿಲ್ಲ ಅನ್ನಿಸುತ್ತೆ. "22ರಿಂದ 24 ಕಾಕಾ" ಅಂದರು. "ನಾವೂ ಮಣೂಕಕ್ಕ 22 ದಾಟಿದ ಮ್ಯಾಲೇ ಕೊಯ್ತೀವಿ" ಅಂದರು ಅಪ್ಪ. ಆಮೇಲೆ ನಾವು ಉಳಿದವರೆಲ್ಲ ಸುಮ್ಮನೆ ಕೇಳುತ್ತಾ ಕೂತೆವು. ಹಣ್ಣಿನ ಸಕ್ಕರೆಯನ್ನು ಈಸ್ಟ್ ತಿಂದು ಆಲ್ಕೋಹಾಲ್ ಮಾಡುತ್ತೆ, ಬ್ರಿಕ್ಸ್‌ನ ಅರ್ಧಕ್ಕಿಂತ ಸ್ವಲ್ಪ ಜಾಸ್ತಿ ಶೇಕಡಾವಾರು ಬರುತ್ತೆ, 24 ಇದ್ದರೆ ಸುಮಾರು 13 ಅಂತ ಅವರು ಹೇಳಿದರು. ಅಪ್ಪ ಬಾಟಲಿ ತಿರುಗಿಸಿ ಲೇಬಲ್ ನೋಡಿ ತಲೆ ಆಡಿಸಿದರು. ನಮ್ಮ ತಿನ್ನುವ ದ್ರಾಕ್ಷಿಗೆ ತೆಳು ಸಿಪ್ಪೆ, ದೊಡ್ಡ ಕಾಯಿ, ಬೀಜ ಇಲ್ಲ. ವೈನ್ ದ್ರಾಕ್ಷಿ ಸಣ್ಣದು, ದಪ್ಪ ಸಿಪ್ಪೆ, ಒಳಗೆ ಬೀಜ. ಕೆಂಪು ವೈನ್ ಮಾಡುವಾಗ ರಸವನ್ನು ಸಿಪ್ಪೆ ಬೀಜದ ಜೊತೆಗೇ ಹುದುಗಿಸುತ್ತಾರೆ, ಬಣ್ಣ ಬರೋದು ಅಲ್ಲಿಂದಲೇ. ಬಿಳಿ ವೈನ್‌ಗೆ ಮೊದಲೇ ಹಿಂಡಿ ಸಿಪ್ಪೆ ತೆಗೀತಾರೆ. ಅಪ್ಪ ಒಂದು ಗುಟುಕು ತಗೊಂಡು, ಬಾಯಲ್ಲೇ ಸ್ವಲ್ಪ ಹೊತ್ತು ಇಟ್ಟುಕೊಂಡು, ನುಂಗಿ, "ಹೌದ, ಇದು ಸಿಪ್ಪಿ ಒಗರು" ಅಂದರು. ಕೊಯ್ಲಿನ ದಿನ ತೋಟದಲ್ಲಿ ಕಾಯಿ ಜಗಿದು ಸಿಪ್ಪೆ ನಾಲಿಗೆ ಮೇಲೆ ಉಳಿಸಿಕೊಂಡು ನೋಡ್ತಾರಲ್ಲ, ಅದೇ ಮುಖ. ಎರಡನೇ ಗುಟುಕು ತಗೊಳ್ಳಲಿಲ್ಲ, ಆದರೆ ಗ್ಲಾಸು ಕೊನೆವರೆಗೂ ಕೈಯಲ್ಲೇ ಇತ್ತು.

ಚೀಸ್ ಬಗ್ಗೆ ಹೇಳಬೇಕು. ಚೆಡ್ಡಾರ್, ಗೌಡಾ, ಫೆಟಾ ಯಾವಾಗಲೂ ಇರುತ್ತೆ, ಒಮ್ಮೊಮ್ಮೆ ಬ್ರೀ, ಬ್ಲೂ ಚೀಸ್. ಒಗರಿನ ಕೆಂಪು ವೈನ್ ಜೊತೆ ಹಳೆಯ ಚೆಡ್ಡಾರ್ ತಿಂದರೆ ಒಗರು ಅರ್ಧ ಇಳಿದ ಹಾಗೆ ಆಗುತ್ತೆ, ಇದನ್ನು ನೀವೇ ಮಾಡಿ ನೋಡಿ. ಒಂದು ವಾರ ಬೆಳಗಾವಿ ಕುಂದಾ ತರಿಸಿ ಸುಲಾದ ಲೇಟ್ ಹಾರ್ವೆಸ್ಟ್ ಶೆನಿನ್ ಬ್ಲಾಂ ಜೊತೆ ಕೊಟ್ಟರು. ಬಳ್ಳಿಯಲ್ಲೇ ಜಾಸ್ತಿ ದಿನ ಬಿಟ್ಟು ಕೊಯ್ದ ಹಣ್ಣಿನ ಸಿಹಿ ವೈನ್ ಅದು. ನನಗೆ ತುಂಬಾ ಆಸೆ ಇತ್ತು, ಆದರೆ ಕೂಡಲಿಲ್ಲ. ಕುಂದಾ ವೈನ್‌ಗಿಂತ ಸಿಹಿ, ಹಾಗಾಗಿ ವೈನ್ ಹುಳಿ ಹುಳಿ ಅನಿಸಿತು. ಅದೇ ವೈನ್ ಉಪ್ಪುಪ್ಪಾದ ಬ್ಲೂ ಚೀಸ್ ಜೊತೆ ಕೊಟ್ಟಾಗ ಮೇಜಿನ ಮೇಲೆ ಮಾತೇ ನಿಂತುಹೋಯಿತು. ಅಷ್ಟು ಚೆನ್ನಾಗಿತ್ತು.

ಮನೆಗೆ ತಂದವರಿಗೆ ಒಂದು ಮಾತು. ಜೋಳದ ರೊಟ್ಟಿ, ಶೇಂಗಾ ಹಿಂಡಿ, ಖಾರದ ಝುಣಕದ ಜೊತೆ ಶಿರಾಜ್ ಕುಡಿಯಬೇಡಿ. ನಾನು ಮಾಡಿದ್ದೆ, ಖಾರ ಎರಡು ಪಟ್ಟಾಗಿ ಬಾಯಿ ಉರಿಯಿತು. ನಮ್ಮ ಊಟಕ್ಕೆ ಸ್ವಲ್ಪ ಸಿಹಿ ಇರುವ, ಚೆನ್ನಾಗಿ ತಣ್ಣಗಾದ ಶೆನಿನ್ ಬ್ಲಾಂ ಸರಿ. ಈ ಮಾತನ್ನು ಅಂಗಡಿಯವರು ಮೊದಲೇ ಹೇಳಬೇಕಿತ್ತು, ಯಾಕೆಂದರೆ ಇಲ್ಲಿಂದ ಬಾಟಲಿ ಒಯ್ಯುವವರು ಮನೆಯಲ್ಲಿ ಉಣ್ಣೋದು ರೊಟ್ಟಿಯನ್ನೇ, ಚೀಸ್ ಅಲ್ಲ.

ತಪ್ಪುಗಳೂ ಇವೆ. ಏಪ್ರಿಲ್‌ನಲ್ಲಿ ಮೊದಲ ಸಲ ಹೋದಾಗ ಕೆಂಪು ವೈನನ್ನು ಹಾಗೇ ಕಪಾಟಿನಿಂದ ತೆಗೆದು ಸುರಿದರು. ರೂಮಿನ ಶಾಖ ಅನ್ನೋ ಮಾತು ತಣ್ಣನೆ ದೇಶದವರದ್ದು, ಅವರಿಗೆ ಅದು 16-18 ಡಿಗ್ರಿ. ನಮ್ಮ ಬೇಸಿಗೆ ಸಂಜೆ ಅದಕ್ಕಿಂತ ಹತ್ತು ಡಿಗ್ರಿ ಜಾಸ್ತಿ. ಗ್ಲಾಸಿನಿಂದ ಬರೀ ಆಲ್ಕೋಹಾಲಿನ ಘಾಟು ಬರುತ್ತಿತ್ತು. ನಾನು ಹೇಳಿದೆ, ಮುಂದಿನ ವಾರದಿಂದ 20 ನಿಮಿಷ ಫ್ರಿಜ್ಜಿನಲ್ಲಿ ಇಟ್ಟು ತೆಗೀತಿದ್ದಾರೆ. ಚೀಸ್ ಮಾತ್ರ ಇನ್ನೂ ಫ್ರಿಜ್ಜಿನಿಂದ ನೇರವಾಗಿ ಮೇಜಿಗೆ ಬರುತ್ತೆ, ಅಷ್ಟು ತಣ್ಣಗಿದ್ದರೆ ಅದಕ್ಕೆ ರುಚಿಯೇ ಇರಲ್ಲ, ಅರ್ಧ ಗಂಟೆ ಮೊದಲೇ ತೆಗೆದಿಡಬೇಕು. ಐದನೇ ವಾರ ಮೊದಲ ಬಿಳಿ ವೈನ್ ಹಿಂದಿನ ವಾರ ತೆರೆದಿಟ್ಟದ್ದು ಅನ್ನಿಸಿತು. ಬಣ್ಣ ಸ್ವಲ್ಪ ಕಂದು, ಕೊಯ್ದಿಟ್ಟ ಸೇಬಿನ ವಾಸನೆ. ಕೇಳಿದಾಗ ಒಪ್ಪಿಕೊಂಡು, ಎಲ್ಲರ ಗ್ಲಾಸೂ ಚೆಲ್ಲಿ ಹೊಸ ಬಾಟಲಿ ತೆರೆದರು. ಒಪ್ಪಿಕೊಂಡದ್ದು ಒಳ್ಳೆಯದೇ, ಆದರೆ ದುಡ್ಡು ಕೊಟ್ಟು ಕೂತವರಿಗೆ ಅದನ್ನು ಹಾಕಲೇಬಾರದಿತ್ತು.

ಹೋಗುವವರು ಗಾಡಿ ತರಬೇಡಿ. ನಿಲ್ಲಿಸೋಕೆ ಜಾಗ ಇಲ್ಲ, ಮತ್ತು ಕುಡಿದು ಓಡಿಸೋದು ಬೇಡವೇ ಬೇಡ, ನಾವು ಆಟೋದಲ್ಲೇ ಹೋಗಿ ಬರ್ತೀವಿ. ಎಲ್ಲವನ್ನೂ ನುಂಗಬೇಕಂತಿಲ್ಲ, ಉಗುಳೋಕೆ ಕಪ್ ಇಟ್ಟಿರ್ತಾರೆ, ನಾಚಿಕೆ ಬೇಡ. ಹೊಟ್ಟೆಗೆ ಏನಾದರೂ ಹಾಕಿಕೊಂಡು ಹೋಗಿ, ನಾಲ್ಕು ತುಂಡು ಚೀಸ್ ಊಟಕ್ಕೆ ಸಾಲಲ್ಲ. ಅತ್ತರು, ಸೆಂಟು ಹಾಕಿಕೊಂಡು ಹೋಗಬೇಡಿ, ಪಕ್ಕದವರಿಗೂ ವಾಸನೆ ಹಿಡಿಯೋಕೆ ಆಗಲ್ಲ. ಕುರ್ಚಿ ಹನ್ನೆರಡೇ, ಗುರುವಾರದೊಳಗೆ ಹೇಳಿಡಬೇಕು. ಅಪ್ಪ ಅಕ್ಟೋಬರ್ ಚಾಟ್ನಿ ಮುಗಿಸಿಕೊಂಡು ಇನ್ನೊಮ್ಮೆ ಬರ್ತೀನಿ ಅಂದಿದ್ದಾರೆ, ಈ ಸಲ ಬ್ರಿಕ್ಸ್ ಮೀಟರ್ ತರ್ತಾರಂತೆ.