ಟ್ರಾನ್ಸ್‌ಫಾರ್ಮರ್‌ಗೆ ಎಸ್ಟರ್ ಎಣ್ಣೆ ಹಾಕಿಸ್ತಿದ್ದೀರಾ? ಡ್ರಮ್ಮಿನ ಸರ್ಟಿಫಿಕೇಟ್ ನಂಬಬೇಡಿ

ಬರೆಯೋಕೆ ನಾಚಿಕೆಯಾಗುತ್ತಿದೆ. ಇಷ್ಟು ವರ್ಷ ಮೇಂಟೆನೆನ್ಸ್ ನೋಡಿಕೊಂಡೂ ಮೋಸ ಹೋದೆ.

ನಮ್ಮ ಟ್ರಾನ್ಸ್‌ಫಾರ್ಮರ್ ಕಟ್ಟಡದ ಒಳಗೇ ಇದೆ. ಗೋಡೆಯ ಆಚೆ ಜನ ಕೂತು ಕೆಲಸ ಮಾಡುತ್ತಾರೆ. ಒಳಗಿದ್ದದ್ದು ಮಿನರಲ್ ಆಯಿಲ್, ಅಂದರೆ ಪೆಟ್ರೋಲಿಯಂನಿಂದ ಬರುವ ಎಣ್ಣೆ. ಅದರ ಫೈರ್ ಪಾಯಿಂಟ್, ಅಂದರೆ ಎಣ್ಣೆ ಹೊತ್ತಿಕೊಂಡು ಉರಿಯುತ್ತಲೇ ಇರುವ ಉಷ್ಣತೆ, ಸುಮಾರು 170 ಡಿಗ್ರಿ. ಸಸ್ಯಜನ್ಯ ಎಣ್ಣೆಯಾದ ನ್ಯಾಚುರಲ್ ಎಸ್ಟರ್‌ದು 300 ಡಿಗ್ರಿಗಿಂತ ಜಾಸ್ತಿ. ಆ ಭಯಕ್ಕೇ ಹಳೆ ಎಣ್ಣೆ ತೆಗೆಸಿ ಎಸ್ಟರ್ ಹಾಕಿಸಿದೆ.

ಕಂಟ್ರಾಕ್ಟರ್ ಒಂದೇ ದಿನದಲ್ಲಿ ಕೆಲಸ ಮುಗಿಸಿದರು. ಒಂದೇ ದಿನ! ಆಗಲೇ ನನಗೆ ಅನುಮಾನ ಬರಬೇಕಿತ್ತು. ಒಳಗಿನ ಕಾಯಿಲ್, ಅದಕ್ಕೆ ಸುತ್ತಿದ ಪೇಪರ್ ಎಲ್ಲ ಹಳೆ ಎಣ್ಣೆ ಕುಡಿದು ಕೂತಿರುತ್ತವೆ. ಸೋರಲು ಬಿಡಬೇಕು, ಬಿಸಿ ಎಸ್ಟರ್‌ನಿಂದ ಫ್ಲಶ್ ಮಾಡಬೇಕು. ಇವರು ವಾಲ್ವ್ ತೆರೆದರು, ಖಾಲಿ ಮಾಡಿದರು, ತುಂಬಿದರು. ಕೈಗೆ ಸರ್ಟಿಫಿಕೇಟ್ ಕೊಟ್ಟರು. ನಾನು ಸಹಿ ಹಾಕಿದೆ, ಪೂರ್ತಿ ಹಣವನ್ನೂ ಕೊಟ್ಟೆ.

ಕೆಲವು ವಾರ ಕಳೆದು ನಾನೇ ಸ್ಯಾಂಪಲ್ ತೆಗೆದು ಲ್ಯಾಬ್‌ಗೆ ಕಳಿಸಿದೆ. ಮಿನರಲ್ ಆಯಿಲ್ ನೂರಕ್ಕೆ 15 ಭಾಗ. ಸಾಮಾನ್ಯವಾಗಿ ಇದು 7ರ ಒಳಗಿರಬೇಕು, ಇಲ್ಲದಿದ್ದರೆ ಫೈರ್ ಪಾಯಿಂಟ್ 300ಕ್ಕಿಂತ ಕೆಳಗೆ ಬೀಳುತ್ತದೆ. ನಮ್ಮದು ಬಿದ್ದೇ ಇತ್ತು. ರಿಪೋರ್ಟ್ ಹಿಡಿದು ಹಾಗೇ ಕೂತುಬಿಟ್ಟೆ. ಇನ್ನು ಭಯವಿಲ್ಲ ಅಂತ ಗೋಡೆಯಾಚೆಯವರಿಗೆಲ್ಲ ನಾನೇ ಹೇಳಿದ್ದೆ. ನಾನೇ!

ಫೋನ್ ಮಾಡಿದೆ.

"ಸರ್, ಸರ್ಟಿಫಿಕೇಟ್ ಕೊಟ್ಟಿದ್ದೀವಲ್ಲ."

ಅದು ಡ್ರಮ್ಮಿನಲ್ಲಿದ್ದ ಎಣ್ಣೆಗೆ, ನನ್ನ ಟ್ಯಾಂಕಿನಲ್ಲಿರುವುದಕ್ಕಲ್ಲ ಅಂದೆ.

"ಸ್ವಲ್ಪ ಮಿಕ್ಸ್ ಆಗುತ್ತೆ ಸರ್, ಎಲ್ಲರಿಗೂ ಹಾಗೇ. ಯಾರೂ ಕೇಳಲ್ಲ."

ಯಾರೂ ಕೇಳಲ್ಲವಂತೆ! ಫ್ಲಶ್ ಯಾಕೆ ಮಾಡಲಿಲ್ಲ ಅಂದರೆ, "ಆರ್ಡರ್‌ನಲ್ಲಿ ಬರೆದಿಲ್ಲ" ಅಂದರು. ಅದೂ ನಿಜ. ಎಣ್ಣೆ ಬದಲಿಸುವುದು ಅಂದರೆ ಫ್ಲಶ್ ಸೇರಿಯೇ ಅಲ್ವಾ ಅಂದುಕೊಂಡು ನಾನು ಬರೆದಿರಲಿಲ್ಲ. ಇನ್ನೂ ಒಂದಿದೆ. ಎಸ್ಟರ್‌ಗೆ ಗಾಳಿ ಆಗುವುದಿಲ್ಲ, ದಪ್ಪವಾಗುತ್ತಾ ಹೋಗುತ್ತದೆ. ನಮ್ಮ ಟ್ಯಾಂಕ್‌ಗೆ ಹೊರಗಿನ ಗಾಳಿ ಬಂದುಹೋಗುವ ಹಳೆಯ ಬ್ರೀದರ್ ಹಾಗೇ ಬಿಟ್ಟಿದ್ದಾರೆ. ಸೀಲ್ ಮಾಡುವ ಮಾತೇ ಎತ್ತಿರಲಿಲ್ಲ.

ಫ್ಲಶ್ ಮಾಡುವುದನ್ನು ಆರ್ಡರ್‌ನಲ್ಲೇ ಬರೆಸಿ. ಡ್ರೈನ್ ಮಾಡುವಾಗ ಪಕ್ಕದಲ್ಲೇ ನಿಲ್ಲಿ. ಪೇಪರ್‌ನಲ್ಲಿರುವ ಹಳೆ ಎಣ್ಣೆ ನಿಧಾನಕ್ಕೆ ಹೊರಬರುತ್ತದೆ, ಹಾಗಾಗಿ ಕೆಲವು ವಾರ ಬಿಟ್ಟು ನಿಮ್ಮ ಟ್ಯಾಂಕಿನಿಂದಲೇ ಸ್ಯಾಂಪಲ್ ತೆಗೆಸಿ. ಆ ರಿಪೋರ್ಟ್ ಬರುವವರೆಗೂ ಪೂರ್ತಿ ಹಣ ಕೊಡಬೇಡಿ.