ಅಡಗಿ ಕೂತ ಎಚ್‌ಐವಿ ಎಣಿಸಲು ಯಾವ ಪರೀಕ್ಷೆ?

ಕಾರವಾರದಲ್ಲಿ ಲ್ಯಾಬ್ ಟೆಕ್ನಿಷಿಯನ್ ಆಗಿರುವ ತಮ್ಮ ಕೇಳಿದ: "ಅಣ್ಣಾ, ವೈರಲ್ ಲೋಡ್ ರಿಪೋರ್ಟಲ್ಲಿ ವೈರಸ್ಸೇ ಇಲ್ಲ ಅಂದ್ಮೇಲೆ ಮತ್ತೇನು ಹುಡುಕ್ತೀರಿ?"

ವೈರಲ್ ಲೋಡ್ ನೋಡುವುದು ಪ್ಲಾಸ್ಮಾದಲ್ಲಿ ಓಡಾಡುವ ವೈರಸ್ಸನ್ನು. ಕೆಲವು ಸಿಡಿ4 ಕೋಶಗಳ (ಎಚ್‌ಐವಿ ಹೊಕ್ಕುವ ಬಿಳಿ ರಕ್ತಕಣಗಳು) ಡಿಎನ್‌ಎಯಲ್ಲಿ ಸೇರಿಕೊಂಡು ಮಲಗಿದ್ದು ಅದರಲ್ಲಿ ಕಾಣುವುದಿಲ್ಲ. ಮಾತ್ರೆ ಬಿಟ್ಟರೆ ಮತ್ತೆ ಏಳುವುದು ಅದೇ. ಅದನ್ನು ಎಣಿಸುವ ಮೂರು ವಿಧಾನಗಳನ್ನು ನಾನು ಬೆಂಗಳೂರಿನ ಲ್ಯಾಬಿನಲ್ಲಿ ಮಾಡಿ ನೋಡಿದ್ದೇನೆ.

ಒಟ್ಟು ಡಿಎನ್‌ಎ ಪಿಸಿಆರ್ ಸಲೀಸು. ಸ್ವಲ್ಪ ರಕ್ತ ಸಾಕು. ಆದರೆ ಸಿಗುವ ವೈರಸ್ ಡಿಎನ್‌ಎಯಲ್ಲಿ ಶೇ. 90ಕ್ಕಿಂತ ಜಾಸ್ತಿ ಹರುಕು ಮುರುಕು, ಮತ್ತೆ ಏಳಲಾರದ್ದು. ಅಘನಾಶಿನಿಯಲ್ಲಿ ಬಳಚು ಎಣಿಸುವಾಗ ಖಾಲಿ ಚಿಪ್ಪನ್ನೂ ಲೆಕ್ಕಕ್ಕೆ ಹಿಡಿದ ಹಾಗೆ.

ಕ್ಯೂವಿಒಎ, ಅಂದರೆ ಮಲಗಿದ ವೈರಸ್ಸನ್ನು ಎಬ್ಬಿಸಿ, ಬೆಳೆಸಿ ಎಣಿಸುವ ಪರೀಕ್ಷೆ, ಇದಕ್ಕೆ ಉಲ್ಟಾ. ಮಲಗಿದ ಕೋಶಗಳನ್ನು ಬೇರ್ಪಡಿಸಿ, ಪ್ಲೇಟಿನ ಒಂದೊಂದು ವೆಲ್ಲಿಗೂ (ಸಣ್ಣ ಗುಳಿ) ಕಡಿಮೆ ಮಾಡುತ್ತಾ ಹಾಕಿ, ಕೆರಳಿಸಿ, ಆರೋಗ್ಯವಂತರ ಕೋಶಗಳ ಜೊತೆ ಎರಡು ಮೂರು ವಾರ ಬೆಳೆಸಬೇಕು. ಕೊನೆಗೆ ಪಿ24 ಎಲೈಸಾ, ಅಂದರೆ ವೈರಸ್ಸಿನ ಪಿ24 ಪ್ರೋಟೀನ್ ಇದ್ದರೆ ಬಣ್ಣ ಬರುವ ಪರೀಕ್ಷೆ. ವೆಲ್ ಹಳದಿಯಾದರೆ ವೈರಸ್ ನಿಜವಾಗಿ ಎದ್ದಿದೆ ಎಂದೇ ಅರ್ಥ. ಹೀಗೆ ವೈರಸ್ ಏಳುವುದು ಮಲಗಿದ ಹತ್ತು ಲಕ್ಷ ಸಿಡಿ4 ಕೋಶಕ್ಕೆ ಸುಮಾರು ಒಂದರಲ್ಲಿ. ಆದರೆ 120 ಎಂಎಲ್‌ಗಿಂತ ಜಾಸ್ತಿ ರಕ್ತ ಕೇಳಿದರೆ ಯಾರು ಕೊಡುತ್ತಾರೆ ಹೇಳಿ? ಒಮ್ಮೆ ಕೆರಳಿಸಿದರೆ ಎಲ್ಲವೂ ಏಳುವುದಿಲ್ಲ, ಹಾಗಾಗಿ ಲೆಕ್ಕವೂ ಕಡಿಮೆ ಬರುತ್ತದೆ. ಭಾನುವಾರವೂ ಎರಡೆರಡು ಗ್ಲೌಸ್ ಹಾಕಿಕೊಂಡು ಮೀಡಿಯಂ (ಕೋಶ ಬೆಳೆಯುವ ದ್ರವ) ಬದಲಿಸುವ ಕರ್ಮ ಬೇರೆ.

ಮೂರನೆಯದು ಐಪಿಡಿಎ, ಇಡಿಯಾಗಿರುವ ವೈರಸ್ ಡಿಎನ್‌ಎಯನ್ನಷ್ಟೇ ಎಣಿಸಲು ನೋಡುವ ಪಿಸಿಆರ್. 2019ರಲ್ಲಿ ಬಂದದ್ದು, ಅಮೆರಿಕದ ಜಾನ್ಸ್ ಹಾಪ್ಕಿನ್ಸ್‌ನ ಸಿಲಿಸಿಯಾನೊ ತಂಡದ ಕೆಲಸ. ಸ್ಯಾಂಪಲನ್ನು ಸುಮಾರು 20,000 ಸಣ್ಣ ಹನಿ ಮಾಡಿ, ವೈರಸ್ ಡಿಎನ್‌ಎಯ ಎರಡು ಜಾಗ ('ಸೈ' ಮತ್ತು 'ಎನ್ವ್') ಒಂದೇ ಹನಿಯಲ್ಲಿ ಸಿಕ್ಕರೆ ಮಾತ್ರ ಅದು ಇಡಿಯಾಗಿದೆ ಎಂದು ಲೆಕ್ಕ. ಎರಡು ಜಾಗ ಇದ್ದ ಮಾತ್ರಕ್ಕೆ ಪೂರ್ತಿ ಸರಿ ಇದೆ ಎಂದೇನಲ್ಲ, ಆದರೂ ಬಹುಪಾಲು ಕಸ ಹೊರಗೆ ಹೋಗುತ್ತದೆ. ನನಗೆ ಇದೇ ಇಷ್ಟ.

ತಲೆನೋವು ಪ್ರೈಮರ್‌ಗಳದ್ದು, ಅಂದರೆ ಆ ಜಾಗಗಳನ್ನು ಹುಡುಕಿ ಅಂಟಿಕೊಳ್ಳುವ ಡಿಎನ್‌ಎ ತುಣುಕುಗಳದ್ದು. ಮೂಲದವು ಎಚ್‌ಐವಿಯ ಬಿ ಸಬ್‌ಟೈಪಿಗೆ (ಉಪವಿಧ) ಮಾಡಿದ್ದು, ನಮ್ಮ ದೇಶದಲ್ಲಿ ಇರುವುದು ಬಹುಪಾಲು ಸಿ. ಒಂದು ಸ್ಯಾಂಪಲಿನಲ್ಲಿ 'ಸೈ' ಭಾಗದ ಚುಕ್ಕೆಗಳು ಸ್ಕ್ರೀನಿನ ಮೇಲೆ ಗುಂಪಾಗಿ ಬಿದ್ದವು, 'ಎನ್ವ್' ಕಡೆ ಪೂರ್ತಿ ಖಾಲಿ. ಅದೇ ರಕ್ತ ಕ್ಯೂವಿಒಎಯಲ್ಲಿ ಹಳದಿ ಬಂದಿತ್ತು! ವೈರಸ್ ಇತ್ತು, ಪ್ರೈಮರ್ ಅಂಟಿರಲಿಲ್ಲ ಅಷ್ಟೆ. ಸಿ ಸಬ್‌ಟೈಪಿಗೆ ಹೊಂದುವ ಪ್ರೈಮರ್ ಹಾಕಿದ ಮೇಲೆ ಆ ಕಡೆಯೂ ಚುಕ್ಕೆ ಮೂಡಿದವು.

ಇವುಗಳಲ್ಲಿ ಯಾವುದನ್ನು ನೋಡಿಯೂ ಮಾತ್ರೆ ನಿಲ್ಲಿಸುವ ಹಾಗಿಲ್ಲ, ಎಲ್ಲವೂ ಸಂಶೋಧನೆಗಷ್ಟೇ. ನನ್ನ ಕೈಗೆ ಬಿಟ್ಟರೆ ಎಲ್ಲರಿಗೂ ಸಿ ಪ್ರೈಮರಿನ ಐಪಿಡಿಎ, ಕೆಲವರದ್ದು ಮಾತ್ರ ಕ್ಯೂವಿಒಎ. ಕಾರವಾರದಿಂದ ಸ್ಯಾಂಪಲ್ ಬರುವುದಾದರಂತೂ ಹೀಗೇ ಮಾಡಬೇಕು. ಡಿಎನ್‌ಎಗೆ ಕೋಶ ಫ್ರೀಜ್ ಮಾಡಿ ಕಳಿಸಿದರೂ ನಡೆಯುತ್ತದೆ. ಕ್ಯೂವಿಒಎಗೆ ಕೋಶ ಜೀವಂತ ಇರಬೇಕು, ರಾತ್ರಿಯಿಡೀ ಘಟ್ಟ ಹತ್ತಿ ಬಂದ ರಕ್ತದಲ್ಲಿ ಅದು ಅಷ್ಟಕ್ಕಷ್ಟೇ.